ಅಟ್ಟವಿಲ್ಲದ ಮನೆ

ಹೈದರಾಬಾದಿನಲ್ಲೋ ಕೊಯಮತ್ತೂರಿನಲ್ಲೋ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡು ಕಂಡರೆ ಒಳಗೆ ಹೋಗಿ ಕನ್ನಡದಲ್ಲಿ ಮಾತಾಡಿಸಿ ನೋಡಿ. ಕೌಂಟರಿನಲ್ಲಿ ನಿಂತ ಹುಡುಗ ಮೊದಲು ಹಾಸನ ಅನ್ನುತ್ತಾನೆ. ಹಾಸನದಲ್ಲಿ ಎಲ್ಲಿ ಎಂದು ಕೆದಕಿದರೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಈ ಮೂರರಲ್ಲಿ ಒಂದು ಹೆಸರು ಬರುವ ಸಂಭವವೇ ಹೆಚ್ಚು. ಹುಡುಗ ಅಯ್ಯಂಗಾರನೇ ಆಗಿರಬೇಕೆಂದಿಲ್ಲ, ನಮ್ಮಂಥ ಗೌಡರ ಮನೆಯವನೂ ಆಗಿರಬಹುದು. ಹಾಸನ ಸೀಮೆಯ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಹಾಕಿದರು. ಅವರ ಹಿಂದೆ ನೆಂಟರಿಷ್ಟರು ಹೋದರು. ಆ ಭಟ್ಟಿಗಳ ಮುಂದೆ ಬೆವರು ಸುರಿಸಿ ಕೆಲಸ ಕಲಿತ ನಮ್ಮ ಕಡೆಯ ಹುಡುಗರು ಆಮೇಲೆ ತಾವೇ ಅಂಗಡಿ ಇಟ್ಟರು. ಎಸ್ಸೆಸ್ಸೆಲ್ಸಿ ಮುಗಿಸಿ ನಾನೂ ಅದೇ ದಾರಿ ಹಿಡಿದೆ. ಸೋದರಮಾವನ ಬೇಕರಿಯಲ್ಲಿ ಟ್ರೇ ತೊಳೆದು, ಮೈದಾ ಕಲಸಿ, ಖಾರಾ ಬನ್ನು, ದಿಲ್‌ಪಸಂದು ಕಲಿತು, ಕೊನೆಗೆ ಸ್ವಂತದ್ದೊಂದು ಮಾಡಿಕೊಂಡೆ. ಈಗ ಅಂಗಡಿ ಮಗನ ಕೈಯಲ್ಲಿದೆ. ನಾನು ಹೆಚ್ಚುಕಡಿಮೆ ಊರಲ್ಲೇ, ನುಗ್ಗೇಹಳ್ಳಿ ಹೋಬಳಿಯ ಒಂದು ಸಣ್ಣ ಹಳ್ಳಿಯಲ್ಲಿ ಇರುತ್ತೇನೆ.

ಹಳ್ಳಿ ಹಾಳಾಯಿತು ಎಂದು ಗೋಳಾಡುವವರ ಪೈಕಿ ನಾನಲ್ಲ. ಬೇಕರಿ ದುಡ್ಡು ಬರದಿದ್ದರೆ ನಮ್ಮ ಬೀದಿಯ ಅರ್ಧಕ್ಕರ್ಧ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ನುಸಿ ಪೀಡೆ ಬಿದ್ದು ತೆಂಗಿನಕಾಯಿಯೆಲ್ಲ ಸೊರಗಿದ ವರ್ಷಗಳಲ್ಲಿ ಸೊಸೈಟಿ ಸಾಲ ತೀರುತ್ತಿರಲಿಲ್ಲ. ಜನ ಹೋದದ್ದಂತೂ ನಿಜ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿತು. ಹಾಸನ ಜಿಲ್ಲೆಯದು ಏರಿದ್ದು ಶೇ 3ರ ಆಸುಪಾಸು, ಬೆಂಗಳೂರು ನಗರ ಜಿಲ್ಲೆಯದು ಶೇ 47. ಇಲ್ಲಿ ಕಡಿಮೆಯಾದವರಲ್ಲೂ ಅಲ್ಲಿ ಜಾಸ್ತಿಯಾದವರಲ್ಲೂ ನಮ್ಮೂರಿನವರಿದ್ದಾರೆ. ಅದಾದ ಮೇಲೆ ಹೆದ್ದಾರಿ ಅಗಲವಾಯಿತು, 2017ರಲ್ಲಿ ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲೂ ಓಡಿತು. ಇದರಿಂದ ಹೋದವರು ಹತ್ತಿರವಾಗುತ್ತಾರೆ ಅಂದುಕೊಂಡಿದ್ದೆವು. ಆದದ್ದೇನೆಂದರೆ, ಹಬ್ಬಕ್ಕೆ ಬಂದವರು ಅವತ್ತೇ ಸಂಜೆ ವಾಪಸು ಹೊರಡತೊಡಗಿದರು.

ಪೇಟೆಯ ದುಡ್ಡಿನಿಂದ ಊರಿನಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ನನಗೆ ಸರಿಯಾಗಿ ತಿಳಿದದ್ದು ಕೊಬ್ಬರಿಯಿಂದ.

ನಮ್ಮದು ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ಕಾಯಿ ಚಿಪ್ಪು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಉಂಡೆಗೆ ಏಟು ಬೀಳದ ಹಾಗೆ ಚಿಪ್ಪು ಒಡೆದು ತಿಪಟೂರಿಗೋ ಚನ್ನರಾಯಪಟ್ಟಣಕ್ಕೋ ಸಾಗಿಸುವುದು. ಹಳೆಯ ಹೆಂಚಿನ ಮನೆಯಲ್ಲಿ ಅಟ್ಟದ ಕೆಳಗೇ ಒಲೆ. ಅವ್ವ ಮುದ್ದೆಗೆ ಎಸರಿಟ್ಟ ಬಿಸಿಯೂ ಹೊಗೆಯೂ ಮೇಲಕ್ಕೆ ಹೋಗಿ ಕೊಬ್ಬರಿ ತನ್ನ ಪಾಡಿಗೆ ತಾನು ಒಣಗುತ್ತಿತ್ತು. ಆದರೂ ಹೆಂಚು ಸರಿದು ಮಳೆ ಬಿದ್ದರೆ, ಇಲಿ ಹೊಕ್ಕರೆ, ಎಲ್ಲೋ ಒಂದು ಕಾಯಿ ಕೊಳೆತು ವಾಸನೆ ಹೊಡೆದರೆ ಯಾರಾದರೂ ಏಣಿ ಹತ್ತಿ ನೋಡಲೇಬೇಕು. ಬೀಗ ಹಾಕಿದ ಮನೆಯಲ್ಲಿ ಕೊಬ್ಬರಿ ಆಗುವುದಿಲ್ಲ.

ಪೇಟೆಯಲ್ಲಿ ನಾಲ್ಕು ಕಾಸು ಕಂಡವರು ಮೊದಲು ಮಾಡುವ ಕೆಲಸವೇ ಆ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವುದು. ನಾವೂ ಕಟ್ಟಿಸಿದೆವು. ಗ್ರಾನೈಟ್ ನೆಲ, ಸ್ಟೀಲ್ ಕಂಬಿಯ ಬಾಲ್ಕನಿ ಎಲ್ಲ ಇದೆ, ಅಟ್ಟವಿಲ್ಲ. ಗ್ಯಾಸು ಬಂದು ಹೊಗೆಯೂ ಹೋಯಿತು (ಅತ್ತಿಗೆಯ ಕಣ್ಣುರಿ ತಪ್ಪಿತು, ಅದಕ್ಕೆ ನನ್ನ ತಕರಾರಿಲ್ಲ). ಈಗ ಕೊಬ್ಬರಿಗೆ ಬೇರೆ ಶೆಡ್ಡು ಬೇಕು, ಶೆಡ್ಡಿನ ಮೇಲೆ ಕಣ್ಣಿಡುವ ಮನುಷ್ಯ ಬೇಕು. ಮನುಷ್ಯನಿಲ್ಲದ ಮನೆಯವರು ಎಳನೀರಿಗೆ ಕೊಟ್ಟುಬಿಡುತ್ತಾರೆ. ಕೀಳುವ ಗುಂಪು ಬರುತ್ತದೆ, ಟೆಂಪೊ ಬರುತ್ತದೆ, ಕಾಯಿ ಮದ್ದೂರಿನ ಮಾರುಕಟ್ಟೆ ಸೇರುತ್ತದೆ, ದುಡ್ಡು ಫೋನಿಗೆ ಬರುತ್ತದೆ. ಮಾಲೀಕ ಮಾತ್ರ ಬರಬೇಕಾಗಿಲ್ಲ. 2023ರಲ್ಲಿ ಕೊಬ್ಬರಿ ಕ್ವಿಂಟಲಿಗೆ ಎಂಟು ಸಾವಿರದ ಹತ್ತಿರಕ್ಕೆ ಕುಸಿದಾಗ ಎಳನೀರು ಕೊಟ್ಟವರೇ ಜಾಣರು ಅನ್ನಿಸಿತ್ತು. ಮರುವರ್ಷ ಕೇಂದ್ರದ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯದ್ದು 1,500. 2025ರಲ್ಲಿ ಮಾರುಕಟ್ಟೆಯೇ 20,000 ದಾಟಿತು. ಆ ಬೆಲೆ ಬಂದ ದಿನ ಕಾಯಿ ಕೂಡಿಟ್ಟುಕೊಂಡಿದ್ದವರು ಊರು ಬಿಡದವರು.

ನಮ್ಮ ಮನೆಯಲ್ಲಿ ಊರು ಬಿಡದವನು ಅಣ್ಣ. ಮೂವರು ಗಂಡುಮಕ್ಕಳಲ್ಲಿ ನಾನು ಬೆಂಗಳೂರಿಗೆ ಹೋದೆ, ತಮ್ಮ ಮುಂಬೈಗೆ ಹೋದ. ಡ್ರಿಪ್ಪಿಗೆ, ಹೊಸ ಬೋರ್‌ವೆಲ್ಲಿಗೆ ದುಡ್ಡು ಕಳಿಸುತ್ತಿದ್ದೆವು. ಅಣ್ಣ ಒಂದು ಸಲ ಫೋನಿನಲ್ಲಿ, “ದುಡ್ಡು ಬಂತು ಕಣೋ, ಸರಿ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಡ್ತಾರಲ್ಲ, ಮೋಟ್ರು ಹಾಕೋಕೆ ಯಾರನ್ನ ಕಳಿಸ್ತೀಯ?” ಅಂದ. ಕೆಂಪು ಮೂತಿ ಹುಳು ಸುಳಿಗೆ ಹೊಕ್ಕದ್ದು ಗೊತ್ತಾಗುವುದು ದಿನಾ ತೋಟ ಸುತ್ತುವವನಿಗೆ. ತಿಂಗಳಿಗೊಮ್ಮೆ ಕಾರಿನಲ್ಲಿ ಬರುವವನಿಗೆ ಕಾಣುವುದು ಸುಳಿ ಬಾಗಿ ಸತ್ತ ಮರ.

ಅವ್ವ ಇರುವ ತನಕ ಯುಗಾದಿಗೆ ಮೂವರೂ ಕೂತು ತೋಟದ ಲೆಕ್ಕ ಮಾಡಿ, ಖರ್ಚು ಕಳೆದು, ಮೂರು ಪಾಲು ಹಾಕುವುದು ಪದ್ಧತಿ. ಊರಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ. ಗೊಬ್ಬರದ ಖರ್ಚು, ಕಾಯಿ ಕಿತ್ತವರ ಕೂಲಿ, ಸುಲಿದವರ ಕೂಲಿ, ಎಲ್ಲ ಬರೆಯುತ್ತಾರೆ. ಉಳಿದವನ ದುಡಿಮೆಗೆ ಮಾತ್ರ ಆ ಪುಸ್ತಕದಲ್ಲಿ ಜಾಗವಿರುವುದಿಲ್ಲ, ‘ಊರಲ್ಲಿರೋನಿಗೆ ಖರ್ಚೇನು’ ಎಂಬ ಧೈರ್ಯ. ನಮ್ಮಲ್ಲಿ ಬಾಯಿ ಬಿಟ್ಟವರು ಅತ್ತಿಗೆ. “ಬೇಕರಿ ಹುಡುಗನಿಗೆ ಊಟ ಹಾಕಿ ಸಂಬಳ ಕೊಡ್ತೀರಿ. ಇವರಿಗೆ ಊಟ ನಾನು ಹಾಕ್ತೀನಿ, ಸಂಬಳ ಯಾರು ಕೊಡ್ತಾರೆ?” ಎಂದರು. ಆಮೇಲೆ ಲೆಕ್ಕ ಬದಲಾಯಿತು. ಬಂದದ್ದರಲ್ಲಿ ಮೊದಲು ಅರ್ಧ ಅಣ್ಣನ ಕೆಲಸಕ್ಕೆ, ಉಳಿದರ್ಧ ಮೂರು ಪಾಲು. ತಮ್ಮ ಒಂದಷ್ಟು ದಿನ ಮುಖ ಗಂಟಿಕ್ಕಿಕೊಂಡಿದ್ದ. ಊರು ಬಿಟ್ಟು ಹೋಗುವ ಹುಡುಗರು ಸಲಹೆ ಕೇಳಿದರೆ ಇವತ್ತಿಗೂ ನಾನು ಹೇಳುವುದು ಇದನ್ನೇ: ಅಂಗಡಿಗೆ ಅಡ್ವಾನ್ಸ್ ಎಷ್ಟು ಅಂತ ವಿಚಾರಿಸುವ ಮೊದಲು ಮನೆಯಲ್ಲಿ ಉಳಿಯುವವನ ಪಾಲು ಎಷ್ಟು ಅಂತ ಬರೆದಿಟ್ಟು ಹೋಗಿ.

ಊರಿನ ಲೆಕ್ಕದಲ್ಲೂ ಇದೇ ಕಥೆ. ದೇವಸ್ಥಾನದ ಜೀರ್ಣೋದ್ಧಾರ ಅಂತ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಸಂಜೆಯೊಳಗೆ ಬೆಂಗಳೂರು, ಪುಣೆ, ಚೆನ್ನೈಯಿಂದ ಲಕ್ಷಗಳು ಬೀಳುತ್ತವೆ. ಗೋಪುರ ಎದ್ದಿತು, ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿಸಿದ್ದೂ ಆಯಿತು. ಕೆರೆಗೆ ನೀರು ತರುವ ಕಾಲುವೆಯ ಹೂಳು ತೆಗೆಯಬೇಕು ಅಂದರೆ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಬರುತ್ತವೆ. ಕಾಲುವೆಯಲ್ಲಿ ಹೆಸರು ಕೆತ್ತಿಸಲು ಜಾಗವಿಲ್ಲವಲ್ಲ.

2020ರಲ್ಲಿ ಮಾತ್ರ ಎಲ್ಲ ತಿರುಗಾಮುರುಗಾ. ಮೇ ಎರಡನೇ ವಾರದವರೆಗೂ ಹಾಸನ ಜಿಲ್ಲೆಯಲ್ಲಿ ಒಂದೂ ಕೊರೊನಾ ಇರಲಿಲ್ಲ. ಮೊದಲು ಕಂಡದ್ದು ಮುಂಬೈಯಿಂದ ಚನ್ನರಾಯಪಟ್ಟಣಕ್ಕೆ ವಾಪಸಾದವರಲ್ಲಿ. ನಮ್ಮೂರ ದಾರಿಗೆ ಜಾಲಿಮುಳ್ಳು ಬಿತ್ತು. ದೇವಸ್ಥಾನದ ಕಲ್ಲಿನಲ್ಲಿ ಹೆಸರಿದ್ದವರನ್ನೂ ಮುಳ್ಳಿನಾಚೆಗೇ ನಿಲ್ಲಿಸಿ, ಹಾಸ್ಟೆಲ್ಲಿನಲ್ಲಿ ಕ್ವಾರಂಟೈನ್ ಮುಗಿಸಿಕೊಂಡು ಬಾ ಅಂದರು. ನನ್ನ ತಮ್ಮನೂ ನಿಂತ. ಅವನಿಗೆ ಇವತ್ತಿಗೂ ಅದರ ನೋವಿದೆ. ಆದರೆ ಜೂನ್ ಜುಲೈ ಹೊತ್ತಿಗೆ ಊರಿನಲ್ಲಿ ಎಷ್ಟೋ ವರ್ಷದಿಂದ ಕಾಣದಷ್ಟು ಹರೆಯದ ಕೈಗಳಿದ್ದವು. ರಾಗಿ ಪೈರು ನಾಟಿಗೆ ಮುಯ್ಯಾಳು ಸಿಕ್ಕರು, ಡೈರಿಗೆ ಹಾಲು ಹೆಚ್ಚು ಬಂತು. ಮುಖ್ಯವಾಗಿ, ದುಡ್ಡಿಲ್ಲದೆ ನಿಂತಿದ್ದ ಕಾಲುವೆಯ ಕೆಲಸವನ್ನು ಹುಡುಗರು ಗುದ್ದಲಿ ಹಿಡಿದು ಮುಗಿಸಿದರು, ಒಂದು ರೂಪಾಯಿ ಚಂದಾ ಎತ್ತಲಿಲ್ಲ. ದಸರೆ ಹೊತ್ತಿಗೆ ಬೇಕರಿಗಳು ಬಾಗಿಲು ತೆರೆದವು, ಹೊರಟರು. ಹೋಗಬೇಡಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಕಾಲುವೆ ತೋಡಿದ್ದಕ್ಕೆ ಸಂಬಳ ಕೊಡುವವರು ಯಾರು?

ಈಗ ಅಣ್ಣನ ಮಗನ ವಿಷಯ. ಡಿಪ್ಲೊಮಾ ಓದಿದವನು, ತೋಟದಲ್ಲಿ ಆಸಕ್ತಿ ಇದೆ, ಹಸು ಕಟ್ಟಿದ್ದಾನೆ, ಕೊಬ್ಬರಿ ಶೆಡ್ಡು ಅವನೇ ನಿಂತು ಹಾಕಿಸಿದ. ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಟಿವಿಯವರು ನಕ್ಕು ನಕ್ಕು ತೋರಿಸಿದರು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಹೆಣ್ಣು ಹೆತ್ತವರ ಕೇಳಿಕೆ ಸರಳ: ಊರಲ್ಲಿ ತೋಟ ಇರಬೇಕು, ಹುಡುಗ ಊರಲ್ಲಿರಬಾರದು. ಅವರನ್ನು ಬೈಯಲು ನನಗೆ ಹಕ್ಕಿಲ್ಲ, ನನ್ನ ಮಗಳನ್ನು ಕೊಟ್ಟದ್ದೂ ಬೆಂಗಳೂರಿಗೇ.

ಹೋದ ತಿಂಗಳು ಹುಡುಗ ನನ್ನ ಹತ್ತಿರ ಬಂದು, “ಚಿಕ್ಕಪ್ಪ, ಬೇಕರಿಯಲ್ಲಿ ನನ್ನನ್ನೂ ಪಾರ್ಟ್‌ನರ್ ಮಾಡ್ಕೊಳ್ಳಿ. ಕೆಲಸಕ್ಕೆ ಬರಲ್ಲ, ಹೆಸರಿಗೆ ಸಾಕು” ಅಂದ. ಬರೀ ಹೆಸರಿಗಾದರೆ ಬೇಡ ಎಂದು ಮಗ ಹೇಳಿದ. ಇಬ್ಬರೂ ಕೂತು, ಅಂಗಡಿಯಲ್ಲಿ ಅಣ್ಣನ ಮಗನಿಗೆ ಸಣ್ಣ ಪಾಲು, ಶೆಡ್ಡಿನ ಕೊಬ್ಬರಿಯಲ್ಲಿ ನನ್ನ ಮಗನಿಗೆ ಅಷ್ಟೇ ಪಾಲು ಎಂದು ಮಾತಾಡಿಕೊಂಡು ಕಾಗದ ಮಾಡಿಸಿದ್ದಾರೆ. ಹೊಳೆನರಸೀಪುರದ ಹೆಣ್ಣಿನ ಕಡೆಯವರು ಮುಂದಿನ ಭಾನುವಾರ ಅಂಗಡಿ ನೋಡಿಕೊಂಡು, ಸೋಮವಾರ ತೋಟ ನೋಡಲು ಬರುತ್ತಾರಂತೆ. ಹುಡುಗ ಇರುವುದು ಊರಲ್ಲೇ ಎಂಬುದನ್ನು ಬಂದ ತಕ್ಷಣ ಹೇಳಿಬಿಡಬೇಕು ಎಂದು ಅತ್ತಿಗೆ ಹಠ ಹಿಡಿದಿದ್ದಾರೆ. ಕಾಫಿ ಕುಡಿದ ಮೇಲೆ ಹೇಳಿದರಾಯಿತು ಎಂಬುದು ಅಣ್ಣನ ವಾದ.