ಅಕ್ಷಿಪಟಲದ ಅಂಚಿನ ಚಿತ್ರ

ಕಣ್ಣಿನ ಹಿಂಬದಿಯ ಒಳಗೋಡೆಗೆ ಹೊಂದಿಕೊಂಡಿರುವ ತೆಳುವಾದ ಪೊರೆಗೆ ಅಕ್ಷಿಪಟಲವೆಂದು ಹೆಸರು. ವೈದ್ಯರು ಇದನ್ನು ರೆಟಿನ ಎನ್ನುತ್ತಾರೆ. ಬದುಕಿರುವ ಮನುಷ್ಯನ ಅಕ್ಷಿಪಟಲವನ್ನು ನೋಡುವ ತನ್ನ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಪಡಿಸಿದನು. ತರುವಾಯ ಬಂದ ಸಾಮಾನ್ಯ ಕ್ಯಾಮರಾಗಳು ಒಂದು ಸಲಕ್ಕೆ 30ರಿಂದ 50 ಡಿಗ್ರಿಯಷ್ಟು ಭಾಗವನ್ನು ಮಾತ್ರ ಸೆರೆಹಿಡಿಯಬಲ್ಲವು. ಅಂಚಿನವರೆಗೆ ಸ್ಪಷ್ಟವಾದ ಚಿತ್ರ ಏಕೆ ಬೇಕು, ಅದನ್ನು ಪಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗರ್ಭಸ್ಥ ಶಿಶುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ದೃಷ್ಟಿನರದ ಬುಡದಿಂದ ಹೊರಟು ಅಂಚಿನ ಕಡೆಗೆ ಬೆಳೆಯುತ್ತವೆ. ಮೂಗಿನ ಕಡೆಯ ಅಂಚನ್ನು ಅವು ಮುಟ್ಟುವುದು ಸುಮಾರು 36ನೆಯ ವಾರದಲ್ಲಿ. ಕಿವಿಯ ಕಡೆಯ ಅಂಚನ್ನು ಸುಮಾರು 40ನೆಯ ವಾರದಲ್ಲಿ. ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ ಈ ಬೆಳವಣಿಗೆ ನಡುದಾರಿಯಲ್ಲೇ ತಡೆಯಬಹುದು. ಆ ಗಡಿಯಲ್ಲಿ ವಕ್ರನಾಳಗಳು ಚಿಗುರಿ, ಅಕ್ಷಿಪಟಲವನ್ನು ಎಳೆದು ಬಿಡಿಸಿದರೆ ಕೂಸು ಕುರುಡಾಗುತ್ತದೆ. ಮೊದಮೊದಲು ಹೊರನೋಟಕ್ಕೆ ಕಣ್ಣು ಚೆನ್ನಾಗಿಯೇ ಇರುತ್ತದೆ. ತಾಯಿಗೆ ಅನುಮಾನ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಸಕಾಲದಲ್ಲಿ ಕಂಡರೆ ಲೇಸರ್ ಚಿಕಿತ್ಸೆಯಿಂದ ಬಹುಪಾಲು ಕೂಸುಗಳ ದೃಷ್ಟಿ ಉಳಿಯುತ್ತದೆ. ಆದುದರಿಂದ ಅಂಚಿನ ಚಿತ್ರವೆಂಬುದು ಬರಿಯ ಕುತೂಹಲದ ವಿಷಯವಲ್ಲ.

ಇನ್ನು ಚಿತ್ರ ತೆಗೆಯುವಾಗ ಬರುವ ತೊಡಕುಗಳು. ಮೊದಲನೆಯದು ಬೆಳಕಿನದು. ಕಣ್ಣಿಗಿರುವುದು ಪಾಪೆಯೆಂಬ ಒಂದೇ ಬಾಗಿಲು. ಬೆಳಕು ಒಳಹೋಗಬೇಕಾದುದೂ ಹೊರಬರಬೇಕಾದುದೂ ಅಲ್ಲಿಂದಲೇ. ಕಣ್ಣಿನ ಮುಂಭಾಗದಿಂದ ಪ್ರತಿಫಲಿಸಿದ ಬೆಳಕು ಚಿತ್ರವನ್ನು ಮಸುಕಾಗಿಸುತ್ತದೆ. 1911ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಇದಕ್ಕೆ ದಾರಿ ತೋರಿಸಿದನು: ಪಾಪೆಯ ಒಂದು ಭಾಗದಿಂದ ಬೆಳಕು ಬಿಡುವುದು, ಬೇರೊಂದು ಭಾಗದಿಂದ ನೋಡುವುದು. ಇಂದಿನ ಅನೇಕ ಕ್ಯಾಮರಾಗಳಲ್ಲಿ ಬೆಳಕು ಉಂಗುರದಂತೆ ಪಾಪೆಯ ಅಂಚಿನಿಂದ ಒಳಹೋಗಿ, ನಡುವಿನಿಂದ ಹಿಂದಿರುಗುತ್ತದೆ.

ಎರಡನೆಯದು ಆಕಾರದ ತೊಡಕು. ಅಕ್ಷಿಪಟಲವು ಬಟ್ಟಲಿನ ಒಳಮೈಯಂತೆ ಬಾಗಿದೆ, ಚಿತ್ರವಾದರೋ ಚಪ್ಪಟೆ. ಭೂಗೋಳವನ್ನು ಹಾಳೆಯ ಮೇಲೆ ಹರಡಿದಾಗ ಗ್ರೀನ್‌ಲೆಂಡ್ ಹಿಗ್ಗಿ ಕಾಣುವಂತೆ ಇಲ್ಲಿಯೂ ಅಂಚು ಹಿಗ್ಗುತ್ತದೆ, ಮಬ್ಬಾಗುತ್ತದೆ. ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ತೆಗೆದ ಚಿತ್ರಗಳನ್ನು ಜೋಡಿಸುವುದು ಒಂದು ಉಪಾಯ. ಸ್ಕಾಟ್‌ಲೆಂಡಿನ ಆಪ್ಟಾಸ್ ಸಂಸ್ಥೆಯ ಯಂತ್ರದಲ್ಲಿ ಇನ್ನೊಂದು ಉಪಾಯವಿದೆ. ದೀರ್ಘವೃತ್ತಾಕಾರದ ಕನ್ನಡಿಯ ಒಂದು ನಾಭಿಯಿಂದ ಹೊರಟ ಕಿರಣ ಇನ್ನೊಂದು ನಾಭಿಗೇ ಬಂದು ಸೇರುತ್ತದೆಯಷ್ಟೆ? ಎರಡನೆಯ ನಾಭಿಯಲ್ಲಿ ಪಾಪೆಯಿರುವಂತೆ ಮಾಡಿ ಲೇಸರ್ ಕಿರಣವನ್ನು ಆಡಿಸಿದರೆ, ಒಂದೇ ಚಿತ್ರದಲ್ಲಿ ಸುಮಾರು 200 ಡಿಗ್ರಿ ದೊರೆಯುತ್ತದೆ. ಆದರೆ ರೆಪ್ಪೆಗೂದಲುಗಳು ಅಡ್ಡಬಂದು ಕೆಳಭಾಗವನ್ನು ಮರೆಮಾಡುವುದುಂಟು.

ಮೂರನೆಯದು ಚದುರುವಿಕೆ. ಕಣ್ಣಿನ ಮಸೂರ ಮಂಜಾಗಿದ್ದರೆ ನೀಲಿ ಬೆಳಕು ಹೆಚ್ಚು ಚದುರುತ್ತದೆ, ಕೆಂಪು ಕಡಮೆ. ಆದುದರಿಂದ ಉದ್ದ ಅಲೆಯ ಬೆಳಕನ್ನು ಬಳಸುವುದೂ, ಸೂಜಿರಂಧ್ರವನ್ನಿಟ್ಟು ಚದುರಿದ ಬೆಳಕನ್ನು ತಡೆಯುವುದೂ ಪ್ರಯೋಜನಕಾರಿ.

ಕೂಸುಗಳಿಗಾಗಿ ಸುಮಾರು 130 ಡಿಗ್ರಿ ಕಾಣುವ, ಕಣ್ಣಿಗೆ ತಾಗಿಸಿ ಹಿಡಿಯುವ ಕ್ಯಾಮರಾ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಪ್ರಾರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ಅಂತರ್ಜಾಲದ ಮೂಲಕ ನೋಡುತ್ತಾರೆ. ಇಲ್ಲಿ ಗುಣಮಟ್ಟವೆಲ್ಲ ತಂತ್ರಜ್ಞರ ಕೈಯಲ್ಲಿದೆ. ತೊಟ್ಟು ಮದ್ದಿನಿಂದ ಪಾಪೆ ಚೆನ್ನಾಗಿ ಅರಳಿರಬೇಕು. ಮಸೂರಕ್ಕೂ ಕಣ್ಣಿಗೂ ನಡುವಣ ಲೇಪದಲ್ಲಿ ಗಾಳಿಗುಳ್ಳೆ ಇರಬಾರದು. ಕ್ಯಾಮರಾವನ್ನು ಒತ್ತಬಾರದು, ಒತ್ತಿದರೆ ನಾಳಗಳು ಬಿಳಿಚಿಕೊಂಡು ರೋಗಲಕ್ಷಣವೇ ಮರೆಯಾದೀತು.

ಮಬ್ಬಾದ ಅಂಚನ್ನು ಗಣಕಯಂತ್ರ ಬೆಳಗಿಸಬಲ್ಲುದು; ಆದರೆ ಸೆರೆಸಿಕ್ಕದ ನಾಳವನ್ನು ಅದು ತಂದುಕೊಡಲಾರದು. ಅಂಚು ಕಾಣದ ಚಿತ್ರವನ್ನು ನೋಡಿ ರೋಗವಿಲ್ಲವೆನ್ನುವುದು ಸಲ್ಲದು. ಮತ್ತೊಮ್ಮೆ ತೆಗೆಯಬೇಕೆನ್ನುವುದೇ ಸರಿ. 34 ವಾರ ತುಂಬುವ ಮೊದಲೇ ಹುಟ್ಟಿದ ಅಥವಾ 2 ಕಿಲೋಗ್ರಾಂಗಿಂತ ಕಡಮೆ ತೂಕದ ಕೂಸಿನ ಕಣ್ಣನ್ನು ತಿಂಗಳೊಳಗೆ ಪರೀಕ್ಷೆ ಮಾಡಿಸಬೇಕು. ಓದು ಮುಗಿಸಿ ಊರಿಗೆ ಹಿಂದಿರುಗುವ ನಾವು ಬಾಣಂತಿಯ ಮನೆಗಳಲ್ಲಿ ಈ ಒಂದು ಮಾತನ್ನಾದರೂ ತಿಳಿಸೋಣ.