ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಎಡಿಟರು ತೆರೆಯುವ ಬಗೆ

ತುಮಕೂರು ರಸ್ತೆಯ ಮಾಕಳಿಯಿಂದ ಪೀಣ್ಯದವರೆಗಿನ ಕಾರ್ಖಾನೆಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರನೇಕರು ಕಂಪ್ಯೂಟರಿನ ಮುಂದೆ ಕುಳಿತು ಕೆಲಸಮಾಡುತ್ತಿರುವರು. ಕೆಲವರು ಪ್ರೋಗ್ರಾಮುಗಳನ್ನೇ ಬರೆಯುವರು. ಅವರಿಗೆ ಉಪಯೋಗವಾಗಲೆಂದು ಈ ಪಾಠವನ್ನು ಬರೆದಿರುವೆವು. ತಾಯಿತಂದೆಗಳೂ ಓದಬಹುದು; ಮಗಳು ದಿನವಿಡೀ ಏನರೊಡನೆ ಹೆಣಗುವಳೆಂಬುದು ಸ್ವಲ್ಪ ತಿಳಿದೀತು.

ಪ್ರೋಗ್ರಾಮಿನ ಸೆಟ್ಟಿಂಗುಗಳನ್ನು ಪಟ್ಟಿಯಾಗಿ ತೋರಿಸುವ ರೂಢಿಯುಂಟು: ಎಡಗಡೆ ಹೆಸರು, ಬಲಗಡೆ ಮೌಲ್ಯ. ಮೈಕ್ರೋಸಾಫ್ಟಿನವರು 2002ರಲ್ಲಿ ಹೊರತಂದ ಡಾಟ್‌ನೆಟ್‌ನಲ್ಲಿ ಇದಕ್ಕೆ ಪ್ರಾಪರ್ಟಿಗ್ರಿಡ್ ಎಂದು ಹೆಸರು. ಬಲಗಡೆಯ ಮನೆಯನ್ನು ಬದಲಾಯಿಸಹೊರಟಾಗ ಏನು ತೆರೆಯಬೇಕೆಂಬುದನ್ನು, ಯುಐಟೈಪ್‌ಎಡಿಟರ್ ಎಂಬ ಕ್ಲಾಸಿನಿಂದ ನಾವು ಹುಟ್ಟಿಸಿದ ಎಡಿಟರು ನಿರ್ಧರಿಸುವುದು. ಅದರ ಗೆಟ್‌ಎಡಿಟ್‌ಸ್ಟೈಲ್ ಎಂಬ ಮೆಥಡ್ಡು ಮೂರು ಉತ್ತರಗಳಲ್ಲೊಂದನ್ನು ಕೊಡತಕ್ಕದ್ದು. ‘ನನ್’ ಎಂದರೆ ಮನೆಯಲ್ಲಿಯೇ ಟೈಪು ಮಾಡುವುದು. ‘ಡ್ರಾಪ್‌ಡೌನ್’ ಎಂದರೆ ಬಾಣದ ಗುಂಡಿಯೊಂದು ಕಾಣಿಸಿ, ಒತ್ತಿದಾಗ ಪಟ್ಟಿಯು ಮನೆಯ ಕೆಳಗೆ ಇಳಿಯುವುದು. ‘ಮೋಡಲ್’ ಎಂದರೆ ಮೂರು ಚುಕ್ಕೆಯ ಗುಂಡಿ. ಅದರಿಂದ ಪ್ರತ್ಯೇಕ ಕಿಟಕಿ ತೆರೆಯುವುದು.

ನಾಲ್ಕಂಕಿಯ ಸಂಖ್ಯೆಗೆ ಕಿಟಕಿ ತೆರೆಯುವುದು ದುಂದು. ಹತ್ತರಲ್ಲೊಂದನ್ನು ಆರಿಸಬೇಕಾದರೆ ಇಳಿಯುವ ಪಟ್ಟಿಯೇ ಲೇಸು. ಕನ್ನಡದಲ್ಲಿ ಎರಡು ಮೂರು ಸಾಲು ಬರೆಯಬೇಕಾದಲ್ಲಿ ಮಾತ್ರ ನಾವು ಕಿಟಕಿಯ ಪಕ್ಷದವರು: ಗಿಡ್ಡ ಸಾಲಿನ ಮನೆಯಲ್ಲಿ ಒತ್ತಕ್ಷರಗಳ ಅಡಿ ಕತ್ತರಿಸಿಹೋದಂತೆ ಕಾಣುವುದುಂಟು, ‘ಕ್ಷ’ವೋ ‘ಕ್ಕ’ವೋ ಎಂದು ಕಣ್ಣು ಕಿರಿದುಮಾಡಿ ನೋಡಬೇಕಾಗುವುದು.

ತೆರೆಯುವುದಕ್ಕಿಂತ ಮುಚ್ಚುವುದು ಕಷ್ಟ. ಇದನ್ನು ನಾವು ನಾಚಿಕೆಪಟ್ಟು ಕಲಿತೆವು. ಮಾಕಳಿಯ ಒಂದು ಚಿಕ್ಕ ಕಾರ್ಖಾನೆಗೆ ಲೇಬಲು ಮುದ್ರಿಸುವ ಪ್ರೋಗ್ರಾಮನ್ನು ಬರೆದುಕೊಟ್ಟಿದ್ದೆವು. ಅಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯು ಲೇಬಲಿನ ಅಳತೆಗಳ ಪಟ್ಟಿಯನ್ನು ತೆರೆದು, ಕೆಳಬಾಣದ ಕೀಲಿಯಿಂದ ಒಂದೊಂದಾಗಿ ನೋಡಿ, ಎಸ್ಕೇಪ್ ಒತ್ತಿದಳಂತೆ. ಮರುದಿನ ಒಂದು ಕಟ್ಟು ಲೇಬಲು ತಪ್ಪು ಅಳತೆಯಲ್ಲಿ ಅಚ್ಚಾಯಿತು. “ನಾನು ಏನನ್ನೂ ಬದಲಾಯಿಸಲಿಲ್ಲ ಟೀಚರ್” ಎಂದಳು. ನಾವು ನಂಬಲಿಲ್ಲ. ಅವಳ ಯಜಮಾನರೂ ನಂಬಲಿಲ್ಲ.

ಅವಳು ಹೇಳಿದ್ದೇ ನಿಜವಾಗಿತ್ತು. ಎಸ್ಕೇಪ್ ಒತ್ತಿದೊಡನೆ ಗ್ರಿಡ್ಡು ಪಟ್ಟಿಯನ್ನು ಮುಚ್ಚುವುದು. ಆದರೆ ಆಮೇಲೆ ನಮ್ಮ ಎಡಿಟ್‌ವ್ಯಾಲ್ಯೂ ಎಂಬ ಮೆಥಡ್ಡು ನಿಂತಲ್ಲಿಂದ ಮುಂದುವರಿಯುವುದು. ಪಟ್ಟಿ ಹೇಗೆ ಮುಚ್ಚಿತೆಂಬುದನ್ನು ಅದಕ್ಕೆ ಯಾರೂ ತಿಳಿಸುವುದಿಲ್ಲ. ನಾವು ಅಲ್ಲಿ ಪಟ್ಟಿಯಲ್ಲಿ ಗುರುತಾಗಿದ್ದ ಸಾಲನ್ನೇ ಹೊಸ ಮೌಲ್ಯವೆಂದು ಹಿಂದಿರುಗಿಸಿದ್ದೆವು. ಹುಡುಗಿ ಕೇವಲ ನೋಡಿದ್ದನ್ನು ನಮ್ಮ ಪ್ರೋಗ್ರಾಮು ಆರಿಸಿದ್ದೆಂದು ತಿಳಿದಿತ್ತು.

ತಿದ್ದಿದ್ದು ಹೀಗೆ. ಸಾಲಿನ ಮೇಲೆ ಕ್ಲಿಕ್ ಮಾಡಿದಾಗ ಅಥವಾ ಎಂಟರ್ ಒತ್ತಿದಾಗ ಮಾತ್ರ ‘ಆರಿಸಿದೆ’ ಎಂಬ ಗುರುತು ಹಾಕಬೇಕು; ಗುರುತಿಲ್ಲದಿದ್ದರೆ ಮೆಥಡ್ಡಿಗೆ ಬಂದ ಹಳೆಯ ಮೌಲ್ಯವನ್ನೇ ಮರಳಿಸಬೇಕು. ಎಂಟರನ್ನು ಗ್ರಿಡ್ಡು ತಾನೇ ಮೊದಲು ಹಿಡಿದುಕೊಳ್ಳುವುದರಿಂದ ಅದನ್ನು ಪ್ರಿವ್ಯೂಕೀಡೌನ್‌ನಲ್ಲಿ ನೋಡತಕ್ಕದ್ದು, ಕೀಡೌನ್‌ನಲ್ಲಲ್ಲ. ಇದು ತಿಳಿಯಲು ನಮಗೆ ಒಂದು ಭಾನುವಾರವೇ ಹಿಡಿಯಿತು.

ಸೋಮವಾರ ಮಾಕಳಿಗೆ ಹೋಗಿ ಯಜಮಾನರ ಎದುರಿಗೇ ತಪ್ಪು ನಮ್ಮದೆಂದು ಹೇಳಿದೆವು. ಹುಡುಗಿ ಏನೂ ಮಾತನಾಡದೆ ಪಟ್ಟಿಯನ್ನು ತೆರೆದು, ಕೊನೆಯ ಸಾಲಿಗಿಳಿದು, ಎಸ್ಕೇಪ್ ಒತ್ತಿ ಅಳತೆಯನ್ನು ನೋಡಿದಳು. ಮತ್ತೊಮ್ಮೆ ತೆರೆದು ನೋಡಿದಳು.