ಒಬ್ಬೊಬ್ಬರಿಗೂ ಹೇಳಿ ಬರುವುದು

ಪರದೇಶಕ್ಕೆ ಓದಲು ಹೊರಡುವ ವಿದ್ಯಾರ್ಥಿಗೆ ಹೇಗೆ ಹೋಗಬೇಕು, ಏನನ್ನು ಒಯ್ಯಬೇಕು, ಯಾವ ಕಾಗದಪತ್ರಗಳನ್ನು ಜೋಡಿಸಿಕೊಳ್ಳಬೇಕು ಎಂಬುದನ್ನು ಹೇಳಿಕೊಡುವ ಹಿತೈಷಿಗಳು ಹತ್ತಾರು ಮಂದಿ ಸಿಕ್ಕುತ್ತಾರೆ. ಆದರೆ ಓದು ಮುಗಿದು ಆ ನೆಲವನ್ನು ಬಿಟ್ಟು ಬರುವ ದಿನ ಹೇಗೆ ಬರಬೇಕೆಂಬುದನ್ನು ಹೇಳಿಕೊಡುವವರು ವಿರಳ. ಜರ್ಮನಿಯ ಟ್ಯೂಬಿಂಗೆನ್ ಎಂಬ ಊರಿನಲ್ಲಿ ಒಂದು ಸೆಮೆಸ್ಟರಿನ ಮಟ್ಟಿಗೆ ಭಾಷಾಶಾಸ್ತ್ರವನ್ನು ಓದಲು ಹೋಗಿದ್ದ ನಾನು ಪಠ್ಯದ ವಿಷಯದಲ್ಲಿ ಕಲಿತದ್ದು ಅಲ್ಪವೇನಲ್ಲವಾದರೂ, ಅಲ್ಲಿಂದ ಬೀಳ್ಕೊಂಡ ಬಗೆಯಲ್ಲಿ, ಅದರಲ್ಲಿಯೂ ನಾನು ಮಾಡಿದ ಒಂದು ತಪ್ಪಿನಲ್ಲಿ, ಕಲಿತದ್ದೇ ಇಷ್ಟು ವರ್ಷಗಳ ತರುವಾಯವೂ ನನ್ನೊಡನೆ ಉಳಿದಿದೆ.

ಸ್ಟುಟ್‌ಗಾರ್ಟಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿಯಲ್ಲಿ, ನೆಕಾರ್ ನದಿಯ ದಂಡೆಯ ಮೇಲೆ, ಕೋಟೆಯೊಂದರ ಬುಡದಲ್ಲಿ ಒತ್ತೊತ್ತಾಗಿ ನಿಂತ ಹಳೆಯ ಮನೆಗಳ ಊರು ಅದು. 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೇ ಅದರ ಪ್ರಾಣ. ಕೆಪ್ಲರನು ಓದಿದ್ದು ಅಲ್ಲಿ, ಹೆಗೆಲ್, ಶೆಲ್ಲಿಂಗ್, ಹೋಲ್ಡರ್‌ಲಿನ್ ಮೂವರೂ ಸಹಪಾಠಿಗಳಾಗಿ ಬಾಳಿದ್ದು ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿ. ಬುದ್ಧಿಭ್ರಮಣೆಗೊಳಗಾದ ಹೋಲ್ಡರ್‌ಲಿನ್ ಕವಿ 1807ರಿಂದ 1843ರಲ್ಲಿ ಕಣ್ಣು ಮುಚ್ಚುವವರೆಗೆ ಮೂವತ್ತಾರು ವರ್ಷ ನದಿಗೆ ಮುಖ ಮಾಡಿದ ಗೋಪುರದ ಕೋಣೆಯೊಂದರಲ್ಲಿ ಕಳೆದನು. ಆ ಹಳದಿ ಗೋಪುರದ ಕೆಳಗೆ ಇಂದಿಗೂ ವಿದ್ಯಾರ್ಥಿಗಳು ಚಪ್ಪಟೆ ತಳದ ಉದ್ದ ದೋಣಿಗಳನ್ನು ಗಳೆ ಊರಿ ನೂಕುತ್ತ ಬೇಸಗೆಯ ಸಂಜೆಗಳನ್ನು ಕಳೆಯುತ್ತಾರೆ.

ಧಾರವಾಡದಿಂದ ಹೋದ ನನಗೆ ಆ ಊರು ಸಂಪೂರ್ಣ ಪರಸ್ಥಳವೆನಿಸಲಿಲ್ಲ. ಹೋಲ್ಡರ್‌ಲಿನ್ ಇನ್ನೂ ಗೋಪುರದಲ್ಲಿದ್ದ ಕಾಲಕ್ಕೆ ಅಲ್ಲಿ ದೇವತಾಶಾಸ್ತ್ರವನ್ನು ಓದಿದ ಹರ್ಮನ್ ಮೋಗ್ಲಿಂಗನೇ, ಆ ಕವಿ ತೀರಿಕೊಂಡ 1843ರಲ್ಲಿಯೇ, ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ನಮಗೆ ಕೊಟ್ಟ ಫರ್ಡಿನಾಂಡ್ ಕಿಟೆಲ್ ತನ್ನ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ದೇಹ ಬಿಟ್ಟದ್ದು ಇದೇ ಟ್ಯೂಬಿಂಗೆನ್ನಿನಲ್ಲಿ. ದಶಕಗಳ ಕಾಲ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕನ್ನಡದ ಮಾತುಗಳನ್ನು ಆಯ್ದುಕೊಂಡವನು ಅವನ್ನಾಡುವ ಜನರನ್ನು ಬಿಟ್ಟು ಇಷ್ಟು ದೂರ ಬಂದಾಗ ಯಾರು ಯಾರಿಗೆ ಹೇಳಿ ಬಂದಿರಬಹುದೆಂದು, ಗ್ರಂಥಾಲಯದಿಂದ ಹಿಂದಿರುಗುವ ಹಾದಿಯಲ್ಲಿ ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಏಪ್ರಿಲ್ ತಿಂಗಳ ಮೊದಲ ವಾರ ನಾನು ಅಲ್ಲಿಗೆ ತಲಪಿದಾಗ ಮರಗಳು ಇನ್ನೂ ಬೋಳಾಗಿದ್ದವು. ಜುಲೈ ಕೊನೆಗೆ ಪಾಠಗಳು ಮುಗಿಯುವ ವೇಳೆಗೆ ನದಿಯ ನಡುಗಡ್ಡೆಯ ಮೇಲಿನ ಸಾಲುಮರಗಳು ಹಾದಿಗೆ ಚಪ್ಪರ ಕಟ್ಟಿದ್ದವು. ಆ ನಾಲ್ಕು ತಿಂಗಳಲ್ಲಿ ನನಗೆ ಒದಗಿದ ಜನ ಅನೇಕರು. ಗುಡ್ಡದ ಮೇಲಿನ ವಿದ್ಯಾರ್ಥಿನಿಲಯದಲ್ಲಿ ನಮ್ಮ ಮಹಡಿಗೆ ಒಂದೇ ಅಡುಗೆಮನೆಯಿದ್ದು, ಅಲ್ಲಿ ಪೋಲೆಂಡಿನ ಒಬ್ಬಳು, ಟರ್ಕಿಯ ಒಬ್ಬನು, ಬ್ರೆಜಿಲಿನ ಇಬ್ಬರು, ಹತ್ತಿರದ ಹಳ್ಳಿಯಿಂದಲೇ ಬಂದ ಜರ್ಮನ್ ಹುಡುಗನೊಬ್ಬನು ನನ್ನ ಒಗ್ಗರಣೆಯ ಘಾಟನ್ನು ಮೊದಲು ಸಹಿಸಿಕೊಂಡು, ಕಡೆಗೆ ಬಯಸತೊಡಗಿದರು. ಇವರೆಲ್ಲರಿಗಿಂತ ನಾನು ಹೆಚ್ಚು ಋಣಿಯಾದದ್ದು ಹಳೆಯ ಊರಿನ ಇಕ್ಕಟ್ಟಾದ ಓಣಿಯೊಂದರಲ್ಲಿ ಒಂಟಿಯಾಗಿ ಬಾಳುತ್ತಿದ್ದ, ನಿವೃತ್ತರಾದ ಒಬ್ಬ ಶಾಲಾ ಶಿಕ್ಷಕಿಗೆ. ಪ್ರತಿ ಗುರುವಾರ ಅಪರಾಹ್ಣ ನಾಲ್ಕು ಗಂಟೆಗೆ ಅವರು ನನಗೆ ಜರ್ಮನ್ ಮಾತಾಡಿಸುತ್ತಿದ್ದರು. ನಾನು ಬರೆದುಕೊಂಡು ಹೋದ ಒಂದು ಪುಟವನ್ನು ಮೊನಚಾದ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಅಚೇತನ ವಸ್ತುಗಳಿಗೂ ಸ್ತ್ರೀ–ಪುರುಷ ಲಿಂಗಗಳನ್ನು ಹಚ್ಚುವ ಆ ಭಾಷೆಯಲ್ಲಿ ನಾನು ಎಡವಿದಾಗಲೆಲ್ಲ ಪೆನ್ಸಿಲಿನ ತುದಿಯಿಂದ ಮೇಜನ್ನು ಒಮ್ಮೆ ತಟ್ಟಿ ಸುಮ್ಮನಾಗುತ್ತಿದ್ದರು. ಹಣದ ಮಾತನ್ನು ಅವರು ಒಂದು ದಿನವೂ ಎತ್ತಲಿಲ್ಲ. ಜೂನ್ ತಿಂಗಳಲ್ಲಿ ಸ್ಟ್ರಾಬೆರಿ ಹಣ್ಣು ಬಂದಾಗ ನನಗೆಂದು ಒಂದು ಬಟ್ಟಲು ತೆಗೆದಿರಿಸುತ್ತಿದ್ದರು.

ಸೆಮೆಸ್ಟರಿನ ಕೊನೆಯ ಮೂರು ವಾರಗಳು ಬಂದವು. ಜರ್ಮನಿಯಲ್ಲಿ ಊರಿಗೆ ಬಂದವನು ಎರಡು ವಾರದೊಳಗೆ ತನ್ನ ವಿಳಾಸವನ್ನು ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ದೇಶ ಬಿಡುವವನು ಹಾಗೆಯೇ ಆ ನೋಂದಣಿಯನ್ನು ತೆಗೆಸಿಕೊಂಡು ಹೋಗಬೇಕು. ಇದಕ್ಕೆ ಅವರು ‘ಆಬ್‌ಮೆಲ್ಡುಂಗ್’ ಎನ್ನುತ್ತಾರೆ. ಹೋಗುತ್ತೇನೆಂದು ರಾಜ್ಯಕ್ಕೆ ತಿಳಿಸುವ ಕ್ರಮ ಅದು. ಅದರೊಡನೆ ಬ್ಯಾಂಕಿನ ಖಾತೆ, ಆರೋಗ್ಯ ವಿಮೆ, ಗ್ರಂಥಾಲಯದ ಪುಸ್ತಕಗಳು, ಅಂಕಪಟ್ಟಿ, ಕೋಣೆಯ ಬೀಗದ ಕೈ, ಮುಂಗಡ ಹಣ ಇವುಗಳ ಲೆಕ್ಕವನ್ನೂ ಒಂದೊಂದಾಗಿ ಚುಕ್ತಾ ಮಾಡಬೇಕು. ನಾನು ಒಂದು ಹಾಳೆಯ ಮೇಲೆ ಇವನ್ನೆಲ್ಲ ಬರೆದು ಗೋಡೆಗೆ ಅಂಟಿಸಿ, ಮುಗಿದಂತೆಲ್ಲ ಗೀಟು ಹಾಕುತ್ತ ಹೋದೆನು. ಆ ಹಾಳೆಯಲ್ಲಿ ಹದಿನಾಲ್ಕು ಕಚೇರಿ ಕೆಲಸಗಳಿದ್ದವು. ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ. ಅಂದು ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ವಸ್ತುಗಳ ವಿಷಯದಲ್ಲಿಯೂ ನಾನು ಜಾಗರೂಕನಾಗಿದ್ದೆನು. ವಿಮಾನದಲ್ಲಿ ಒಯ್ಯಬಹುದಾದದ್ದು 23 ಕಿಲೋ ತೂಕದ ಒಂದು ಪೆಟ್ಟಿಗೆ ಮಾತ್ರ. ಆ ದೇಶದಲ್ಲಿ ತಮಗೆ ಬೇಡವಾದುದನ್ನು ಒಂದು ಡಬ್ಬಿಯಲ್ಲಿಟ್ಟು, ಇದು ದಾನಕ್ಕೆ ಎಂಬ ಚೀಟಿ ಅಂಟಿಸಿ, ಮನೆಯ ಮುಂದೆ ಇಡುವ ಒಳ್ಳೆಯ ಪದ್ಧತಿಯೊಂದುಂಟು. ನಾನು ಬಂದ ಹೊಸದರಲ್ಲಿ ಅಂಥ ಡಬ್ಬಿಯಿಂದಲೇ ಎತ್ತಿಕೊಂಡಿದ್ದ ಮೇಜುದೀಪವನ್ನೂ ಎರಡು ತಟ್ಟೆಗಳನ್ನೂ ಹಾಗೆಯೇ ಮರಳಿ ಇಟ್ಟೆನು, ಮರುದಿನ ಬೆಳಗಾಗುವಷ್ಟರಲ್ಲಿ ಅವು ಮತ್ತಾರದೋ ಕೋಣೆ ಸೇರಿದ್ದವು. ಒಗ್ಗರಣೆ ಸೌಟನ್ನು ಮಾತ್ರ ಟರ್ಕಿಯ ಗೆಳೆಯನು ಕೇಳಿ ಪಡೆದನು. ಪಡೆದುದನ್ನು ಮುಂದಿನವನಿಗೆ ದಾಟಿಸಿ ಕೈ ಬರಿದು ಮಾಡಿಕೊಳ್ಳುವುದರಲ್ಲಿ ಎಂಥ ಹಗುರವಿದೆಯೆಂಬುದನ್ನು ಅಂದು ತಿಳಿದೆನು.

ಕೊನೆಯ ಶನಿವಾರ ಮಹಡಿಯವರೆಲ್ಲ ಸೇರಿ ಒಂದು ಊಟವನ್ನೇರ್ಪಡಿಸಿದರು. ನಾನು ನಿಂಬೆಹಣ್ಣಿನ ಚಿತ್ರಾನ್ನ ಮಾಡಿದೆನು. ಊರಿನಿಂದ ತಂದ ಒಣ ಕರಿಬೇವಿನ ಕೊನೆಯ ಹಿಡಿ ಅದಕ್ಕೆ ಸಂದಿತು. ಬೇಸಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಆ ಬೆಳಕಿನಲ್ಲಿ ಹಾಡಾಯಿತು, ನಗೆಯಾಯಿತು, ಒಬ್ಬರನ್ನೊಬ್ಬರು ಅಪ್ಪಿಕೊಂಡದ್ದಾಯಿತು, ಮುಂದಿನ ವರ್ಷ ಎಲ್ಲರೂ ಧಾರವಾಡದಲ್ಲಿ ಕೂಡುವುದೆಂದೂ ಅದರ ಮರುವರ್ಷ ಬ್ರೆಜಿಲಿನಲ್ಲೆಂದೂ ಆಣೆ ಪ್ರಮಾಣಗಳಾದವು. ಆ ಒಂದು ರಾತ್ರಿಯಲ್ಲಿ ಎಲ್ಲರಿಗೂ ವಿದಾಯ ಹೇಳಿಬಿಟ್ಟೆನೆಂದು ನಾನು ನೆಮ್ಮದಿಗೊಂಡೆನು.

ಮರುದಿನ ಅವ್ವ ಫೋನಿನಲ್ಲಿ ಕೇಳಿದಳು: “ಎಲ್ಲಾರಿಗೂ ಹೇಳಿದಿ ಏನ್ ತಮ್ಮಾ?” ಕೂಡಿ ಉಂಡದ್ದನ್ನು ತಿಳಿಸಿದೆನು. ಅವಳು ಕ್ಷಣಕಾಲ ಸುಮ್ಮನಿದ್ದು, “ಸಂತ್ಯಾಗ ನಿಂತು ಕೂಗಿ ಹೇಳಿಧಾಂಗ ಆಗಬಾರದು. ಒಬ್ಬೊಬ್ಬರ ಮನೀಗೆ ಹೋಗಿ ಹೇಳಿ ಬಾ” ಎಂದಳು.

ಆ ಮಾತು ಕಿವಿಗೆ ಬಿದ್ದೊಡನೆ ಶಿಕ್ಷಕಿಯ ನೆನಪಾಯಿತು. ಹಿಂದಿನ ಗುರುವಾರ ನನಗೆ ಬ್ಯಾಂಕಿನ ಕೆಲಸವಿದ್ದುದರಿಂದ, ಬರಲಾಗದೆಂದೂ ಹೊರಡುವ ಮುನ್ನ ಬಂದೇ ಬರುವೆನೆಂದೂ ತಿಳಿಸಿದ್ದೆನು. ಯಾವ ದಿನ, ಯಾವ ಹೊತ್ತಿಗೆ ಎಂಬುದನ್ನು ತಿಳಿಸಿರಲಿಲ್ಲ. ಸೋಮವಾರ ಕೋಣೆಯ ತಪಾಸಣೆಯಿತ್ತು. ಮಂಗಳವಾರ ಬೆಳಗ್ಗೆ ಹೂಗುಚ್ಛ ಹಿಡಿದು ಆ ಓಣಿಗೆ ಹೋಗಿ ಗಂಟೆ ಒತ್ತಿದೆನು. ಎರಡನೆಯ ಸಲ ಒತ್ತಿದೆನು. ಪಕ್ಕದ ಮನೆಯವರು ಕಿಟಕಿ ತೆರೆದು, ಅವರು ಭಾನುವಾರವೇ ಮಗಳ ಊರಿಗೆ ಹೋದರೆಂದೂ ಆಗಸ್ಟ್ ಕಳೆದು ಬರುವರೆಂದೂ ಹೇಳಿ, ಹೊರಡುವವರೆಗೂ ನಿಮ್ಮ ದಾರಿ ಕಾದರು ಎಂಬ ಮಾತನ್ನೂ ಸೇರಿಸಿದರು. ಆ ಮೆಟ್ಟಿಲ ಮೇಲೆಯೇ ಕುಳಿತು, ನನಗೆ ಬಂದ ಜರ್ಮನ್ನಿನಲ್ಲಿ ಒಂದು ಚೀಟಿ ಬರೆದು ಅಂಚೆಯ ಪೆಟ್ಟಿಗೆಗೆ ಹಾಕಿದೆನು. ಹೂಗಳನ್ನು ನೆರೆಯವರ ಕೈಗೆ ಕೊಟ್ಟೆನು. ನನ್ನ ಹದಿನಾಲ್ಕು ಕೆಲಸಗಳೂ ಮುಗಿದಿದ್ದವು. ಮಾಡಲೇಬೇಕಾಗಿದ್ದ ಒಂದು ಕೆಲಸ ಉಳಿದುಹೋಗಿತ್ತು.

ಬುಧವಾರ ಬೆಳಗ್ಗೆ ಗೆಳೆಯರು ನನ್ನನ್ನು ಕಳಿಸಿಕೊಡಲು ಬಂದರು. ಟ್ಯೂಬಿಂಗೆನ್ನಿನಲ್ಲಿ ಹಳೆಯ ಊರು ನದಿಯ ಉತ್ತರಕ್ಕಿದ್ದು ರೈಲುನಿಲ್ದಾಣ ದಕ್ಷಿಣದ ದಂಡೆಗಿದೆ. ಹೋಗುವವರು ನೆಕಾರ್ ನದಿಯ ಸೇತುವೆಯೊಂದನ್ನು ದಾಟಲೇಬೇಕು. ಪರೀಕ್ಷೆಯಿದ್ದವರು ಸೇತುವೆಯ ಬಳಿಯೇ ನಿಂತರು. ನೀರಿನ ಅಂಚಿನಲ್ಲಿ ಹಾಗೆ ನಿಂತ ಅವರನ್ನು ಹಿಂದಿರುಗಿ ನೋಡಿದಾಗ ನನಗೆ ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕ ನೆನಪಿಗೆ ಬಂದಿತು. ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ನಮ್ಮ ಹಿರಿಯರು ಓದಿ ನಲಿದ, 1791ರಲ್ಲಿ ಗೇಯೋರ್ಗ್ ಫಾರ್ಸ್ಟರನ ಮೂಲಕ ಜರ್ಮನ್ನಿಗೂ ಹೋಗಿ ಗೊಯೆಟೆಯಂಥವನ ಮನಸ್ಸನ್ನು ಸೂರೆಗೊಂಡ ನಾಟಕ ಅದು. ಪ್ರಿಯಜನರನ್ನು ನೀರು ಕಾಣುವವರೆಗೆ ಮಾತ್ರ ಹಿಂಬಾಲಿಸಿ ಹೋಗಬೇಕೆಂಬ ಕಟ್ಟಳೆಯನ್ನು ಅಲ್ಲಿ ಶಿಷ್ಯನು ಕಣ್ವನಿಗೆ ನೆನಪಿಸುತ್ತಾನೆ. ಆದರೆ ಆ ನೀರಿನ ಅಂಚಿಗೆ ಬರುವ ಮುನ್ನ ಶಕುಂತಲೆಯು ಏನು ಮಾಡುತ್ತಾಳೆಂಬುದನ್ನು ನಾನು ಎಷ್ಟೋ ಬಾರಿ ಓದಿದ್ದರೂ ಗಮನಿಸಿರಲಿಲ್ಲ. ತಪೋವನವೆಲ್ಲವನ್ನೂ ಒಟ್ಟಾಗಿ ಕರೆದು ಒಂದೇ ನಮಸ್ಕಾರ ಮಾಡಿ ಅವಳು ಹೊರಟುಬಿಡುವುದಿಲ್ಲ. ತಂಗಿಯೆಂದು ಬೆಳೆಸಿದ ಬಳ್ಳಿಯನ್ನು ಹೋಗಿ ತಬ್ಬುತ್ತಾಳೆ. ಸೆರಗು ಹಿಡಿದೆಳೆದ ಜಿಂಕೆಯ ಮರಿಯನ್ನು ಸಂತೈಸುತ್ತಾಳೆ. ಗರ್ಭಿಣಿ ಹರಿಣಿಯು ಸುಖವಾಗಿ ಈದ ಸುದ್ದಿಯನ್ನು ತನಗೆ ತಿಳಿಸಬೇಕೆಂದು ತಂದೆಯನ್ನು ಕೇಳಿಕೊಳ್ಳುತ್ತಾಳೆ. ನೀರಿನ ಅಂಚಿನಲ್ಲಿ ಸಖಿಯರಿಗೂ ತಂದೆಗೂ ಬೇರೆ ಬೇರೆಯಾಗಿ ಹೇಳುತ್ತಾಳೆ. ಒಂದೊಂದು ಋಣವೂ ಬೇರೆಯಾದುದರಿಂದ ಒಂದೊಂದು ವಿದಾಯವೂ ಬೇರೆಯಾಗಿರಲೇಬೇಕೆಂಬುದು ಕಾಳಿದಾಸನಿಗೆ ತಿಳಿದಿತ್ತು, ಅವ್ವನಿಗೂ ತಿಳಿದಿತ್ತು. ನನಗೆ ತಿಳಿಯುವಾಗ ರೈಲಿನ ಹೊತ್ತಾಗಿತ್ತು.

ಊರಿಗೆ ಬಂದ ಮೇಲೆ ಕೆಲವು ವಾರ ನಾನು ಎಲ್ಲಿಯೂ ಸಲ್ಲದವನಂತೆ ಇದ್ದೆನು. ಪರದೇಶದಿಂದ ಮರಳಿದವರು ಪ್ರಾಯಶಃ ಎಲ್ಲರೂ ಅನುಭವಿಸುವ ಈ ಖಿನ್ನತೆ ತಾನಾಗಿಯೇ ಇಳಿಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಇಳಿಯದೆ ಉಳಿದದ್ದು ಆ ಮುಚ್ಚಿದ ಬಾಗಿಲು.

ದಸರೆಯ ರಜೆ ಮುಗಿದ ಮೇಲೆ ಒಂದು ಲಕೋಟೆ ಬಂದಿತು. ಒಳಗೆ ನಾನು ಮೆಟ್ಟಿಲ ಮೇಲೆ ಬರೆದಿದ್ದ ಚೀಟಿಯೇ ಇತ್ತು, ಪೆನ್ಸಿಲಿನಿಂದ ತಿದ್ದಿದ್ದು. ಮೂರು ಕಡೆ ಲಿಂಗ ತಪ್ಪಿತ್ತು, ಒಂದು ಕಡೆ ಕ್ರಿಯಾಪದದ ಸ್ಥಾನ ತಪ್ಪಿತ್ತು. ಕೊನೆಯಲ್ಲಿ ನಾನು ಪುಸ್ತಕದಲ್ಲಿ ಕಲಿತ ಗಂಭೀರವಾದ ವಿದಾಯವಾಕ್ಯವೊಂದನ್ನು, ‘ಲೇಬೆನ್ ಜೀ ವೋಲ್’ ಎಂಬುದನ್ನು, ಬರೆದಿದ್ದೆನು; ಚೆನ್ನಾಗಿ ಬಾಳಿರಿ ಎಂದು ಅದರ ಅಕ್ಷರಾರ್ಥವಾದರೂ, ಇನ್ನು ಭೇಟಿಯಾಗಲಾರದವರು ಆಡುವ ಮಾತು ಅದು. ಅದಕ್ಕೆ ಗೀಟು ಹಾಕಿ ಅವರು ‘ಔಫ್ ವೀಡರ್‌ಜೇಹೆನ್’ ಎಂದು ತಿದ್ದಿದ್ದರು. ಮತ್ತೆ ಕಾಣುವವರೆಗೆ ಎಂಬುದು ಅದರ ಅರ್ಥ. ಹೋಗುತ್ತೇನೆ ಎಂದ ಮಗುವಿನ ಬಾಯಿ ಮುಚ್ಚಿಸಿ, ಹೋಗಿ ಬರುತ್ತೇನೆ ಅನ್ನು ಎಂದು ತಿದ್ದುವ ನಮ್ಮ ಮನೆಗಳ ಹಿರಿಯರು ಮಾಡುವುದೂ ಇದನ್ನೇ. ನನ್ನ ತಪ್ಪಿಗೆ ಅವರು ಒಂದು ಮಾತಿನ ಆಕ್ಷೇಪಣೆಯನ್ನೂ ಮಾಡಿರಲಿಲ್ಲ. ಆ ಔದಾರ್ಯದ ಮುಂದೆ ನನ್ನ ತಪ್ಪು ನನಗೆ ಇನ್ನಷ್ಟು ಸ್ಪಷ್ಟವಾಗಿ ಕಂಡಿತು.

ನಾನು ಉತ್ತರ ಬರೆದೆನು. ನಾಲ್ಕು ವರ್ಷ ಕಾಗದಗಳು ನಡೆದವು. ಆ ಶನಿವಾರದ ರಾತ್ರಿ ಮಾಡಿದ ಆಣೆಗಳಲ್ಲಾದರೋ ಒಂದೂ ನಡೆಯಲಿಲ್ಲ, ಅದಕ್ಕಾಗಿ ಯಾರನ್ನೂ ದೂರಲಾರೆ. ಇಪ್ಪತ್ತರ ಹರೆಯದಲ್ಲಿ ದೂರವೆಂಬುದರ ಅಳತೆ ಯಾರಿಗೂ ತಿಳಿದಿರುವುದಿಲ್ಲ. ಬೇರೆ ದೇಶಗಳಲ್ಲಿ ನಾಳೆ ಓದು ಮುಗಿಸಿ ಹೊರಡಲಿರುವ ನಮ್ಮ ಮಕ್ಕಳಿಗೆ ಇಷ್ಟನ್ನು ಮಾತ್ರ ಹೇಳುತ್ತೇನೆ. ಹೊರಡುವ ದಿನಕ್ಕೆ ಮೂರು ವಾರ ಮೊದಲೇ ಒಂದು ಹಾಳೆ ತೆಗೆದುಕೊಂಡು, ಕಚೇರಿಗಳ ಪಟ್ಟಿಗೆ ಮುಂಚೆ ಜನರ ಪಟ್ಟಿಯನ್ನು ಬರೆಯಿರಿ. ಪ್ರಾಧ್ಯಾಪಕರ ಹೆಸರಿನ ಕೆಳಗೆ ಗ್ರಂಥಾಲಯದಲ್ಲಿ ಪುಸ್ತಕ ಹುಡುಕಿಕೊಟ್ಟವರನ್ನೂ, ಊಟದ ಮನೆಯಲ್ಲಿ ದಿನವೂ ಮುಖ ನೋಡಿ ನಕ್ಕವರನ್ನೂ ಸೇರಿಸಿರಿ. ಒಬ್ಬೊಬ್ಬರಿಗೂ ದಿನವನ್ನೂ ಹೊತ್ತನ್ನೂ ಗೊತ್ತುಮಾಡಿ, ಅವರ ಬಾಗಿಲಿಗೆ ನೀವೇ ಹೋಗಿ, ಅವರಿಂದ ಏನನ್ನು ಪಡೆದಿರೆಂಬುದನ್ನು ಸ್ಪಷ್ಟವಾಗಿ ಹೇಳಿರಿ. ನಡೆಸಿಕೊಡಲಾರದ ಮಾತನ್ನು ಕೊಡಬೇಡಿರಿ. ಒಂದು ಕಾಗದ ಬರೆಯುವೆನೆಂದರೆ ಆ ಒಂದನ್ನು ಬರೆಯಿರಿ. ನಿಮ್ಮ ದಾರಿ ಕಾಯುವವರು ಅಲ್ಲಿ ಒಬ್ಬರಾದರೂ ಇರುತ್ತಾರೆ. ಮೊದಲು ಅವರ ಮನೆಗೆ ಹೋಗಿರಿ.